ಟ್ಯಾಂಕ್ (ಪದ)

ಟ್ಯಾಂಕ್ ಎಂಬುದು ದ್ರವ ಅಥವಾ ಅನಿಲವನ್ನು ಸಂಗ್ರಹಿಸಿಡುವ ದೊಡ್ಡ ಪಾತ್ರೆ, ಕೃಷಿ ಮತ್ತು ಕುಡಿಯುವ ನೀರಿಗಾಗಿ ನಿರ್ಮಿಸಿದ ಕೆರೆ, ಹಾಗೂ ಉಕ್ಕಿನ ಪಟ್ಟಿಗಳ ಮೇಲೆ ಚಲಿಸುವ ಶಸ್ತ್ರಸಜ್ಜಿತ ಯುದ್ಧವಾಹನ ಎಂಬ ಮೂರು ಮುಖ್ಯ ಅರ್ಥಗಳಲ್ಲಿ ಬಳಕೆಯಲ್ಲಿರುವ ಇಂಗ್ಲಿಷ್ ಪದ. ಭಾರತದ ಪಶ್ಚಿಮ ಕರಾವಳಿಯಲ್ಲಿ ಯುರೋಪಿನ ವರ್ತಕರ ಬಾಯಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಸೇರಿ, ಹೊಸ ಅರ್ಥಗಳನ್ನು ಪಡೆದು ಮತ್ತೆ ಭಾರತೀಯ ಭಾಷೆಗಳಿಗೆ ಮರಳಿದ ಪದಗಳಲ್ಲಿ ಇದೂ ಒಂದು. ಕನ್ನಡದಲ್ಲಿ ಈ ಪದವು ಸಾಮಾನ್ಯವಾಗಿ ಸಿಮೆಂಟು, ಪ್ಲಾಸ್ಟಿಕ್ ಅಥವಾ ಲೋಹದ ನೀರಿನ ತೊಟ್ಟಿಯನ್ನು ಸೂಚಿಸುತ್ತದೆ. ಆದರೆ ನೀರಾವರಿ, ಕಂದಾಯ ಮತ್ತು ಕಾನೂನಿಗೆ ಸಂಬಂಧಿಸಿದ ಇಂಗ್ಲಿಷ್ ದಾಖಲೆಗಳಲ್ಲಿ ಇದರ ಅರ್ಥ ‘ಕೆರೆ’ ಎಂದೇ ಆಗಿದೆ. ಈ ಎರಡು ಅರ್ಥಗಳ ನಡುವಣ ಅಂತರವು ಭಾಷಾಂತರದಲ್ಲಿ ಮಾತ್ರವಲ್ಲದೆ ಜಲಮೂಲಗಳ ರಕ್ಷಣೆಯಲ್ಲಿಯೂ ಮುಖ್ಯವಾಗುತ್ತದೆ.

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ತಾವರಗೇರಾ ಪಟ್ಟಣದಂತಹ ಬಯಲುಸೀಮೆಯ ಊರುಗಳಲ್ಲಿ ಈ ಪದದ ಹಳೆಯ ಮತ್ತು ಹೊಸ ಅರ್ಥಗಳೆರಡೂ ಏಕಕಾಲದಲ್ಲಿ ಕಂಡುಬರುತ್ತವೆ. ಊರಿನ ಹೆಸರಿನಲ್ಲಿ ಕೆರೆಯಿದೆ. ಮನೆಯ ಮಾಳಿಗೆಯ ಮೇಲೆ ಟ್ಯಾಂಕ್ ಇದೆ.

ವ್ಯುತ್ಪತ್ತಿ

ಭಾರತೀಯ ಮೂಲ

‘ಟ್ಯಾಂಕ್’ ಪದವು 17ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷಿನಲ್ಲಿ ಬಳಕೆಗೆ ಬಂದಿತು. ಈಸ್ಟ್ ಇಂಡಿಯಾ ಕಂಪನಿಯವರು ಗುಜರಾತಿನ ಸೂರತ್ತಿನಲ್ಲಿ ತಮ್ಮ ಕೋಠಿಯನ್ನು ಸ್ಥಾಪಿಸಿದ್ದು 1613ರಲ್ಲಿ. ಆ ಪ್ರದೇಶದ ಗುಜರಾತಿಯಲ್ಲಿ ‘ಟಾಂಕು’, ‘ಟಾಂಕಿ’ ಹಾಗೂ ಮರಾಠಿಯಲ್ಲಿ ‘ಟಾಕೆ’, ‘ಟಾಕಿ’ ಎಂಬ ಪದಗಳು ನೆಲದಡಿಯ ನೀರಿನ ತೊಟ್ಟಿ ಅಥವಾ ಕೊಳ ಎಂಬ ಅರ್ಥದಲ್ಲಿದ್ದವು. ಗುಜರಾತ್ ಮತ್ತು ರಾಜಸ್ಥಾನದ ಹಳೆಯ ಮನೆಗಳಲ್ಲಿ ಮಳೆನೀರನ್ನು ಕೂಡಿಡಲು ಅಂಗಳದ ಕೆಳಗೆ ಕಟ್ಟಿದ ತೊಟ್ಟಿಗೆ ಇಂದಿಗೂ ‘ಟಾಂಕಾ’ ಎಂಬ ಹೆಸರಿದೆ. ಅಹಮದಾಬಾದಿನ ಹಳೆಯ ‘ಪೋಳ’ಗಳ ಮನೆಗಳಲ್ಲಿ ಇಂತಹ ಟಾಂಕಾಗಳನ್ನು ಕಾಣಬಹುದು.

ಈ ಗುಜರಾತಿ–ಮರಾಠಿ ರೂಪಗಳ ಹಿಂದೆ ಸಂಸ್ಕೃತದ ‘ತಡಾಗ’ ಪದವಿರಬಹುದೆಂದು ಕೆಲವು ನಿಘಂಟುಗಳು ಊಹಿಸುತ್ತವೆ. ‘ತಡಾಗ’ ಮತ್ತು ಅದರ ಜೊತೆಯ ರೂಪವಾದ ‘ತಟಾಕ’ ಎರಡೂ ಹಳಗನ್ನಡ ಕಾವ್ಯ ಮತ್ತು ಶಾಸನಗಳ ಭಾಷೆಗೆ ಪರಿಚಿತವಾದ ಪದಗಳು. ಕನ್ನಡದ ‘ಟಂಕ’, ‘ಟಂಕಸಾಲೆ’ ಪದಗಳು ಧ್ವನಿಯಲ್ಲಿ ಟ್ಯಾಂಕಿಗೆ ಹತ್ತಿರವಾಗಿದ್ದರೂ ನಾಣ್ಯಕ್ಕೆ ಸಂಬಂಧಿಸಿದ ಅವುಗಳ ಅರ್ಥವೇ ಬೇರೆ.

ಪೋರ್ಚುಗೀಸ್ ಮೂಲ

ಪೋರ್ಚುಗೀಸ್ ಭಾಷೆಯಲ್ಲಿ ಕೊಳ ಎಂಬ ಅರ್ಥದ ‘ತಾಂಕೆ’ ಎಂಬ ಪದವಿದೆ. ಇದು ಹರಿಯುವ ನೀರನ್ನು ತಡೆದು ನಿಲ್ಲಿಸು ಎಂಬ ಅರ್ಥದ ‘ಎಸ್ತಾಂಕಾರ್’ ಎಂಬ ಕ್ರಿಯಾಪದಕ್ಕೆ ಸಂಬಂಧಿಸಿದ್ದು. ಸ್ಪ್ಯಾನಿಷಿನ ‘ಎಸ್ತಾಂಕೆ’ ಮತ್ತು ಫ್ರೆಂಚಿನ ‘ಎತಾಂಗ್’ ಪದಗಳಿಗೂ ಕೊಳ ಎಂದೇ ಅರ್ಥ. ಇವುಗಳನ್ನು ನಿಂತ ನೀರು ಎಂಬ ಅರ್ಥದ ಲ್ಯಾಟಿನ್ ‘ಸ್ತಾಗ್ನುಂ’ ಪದದ ಬಳಗದೊಂದಿಗೆ ಜೋಡಿಸಲಾಗುತ್ತದೆ. 1498ರ ವಾಸ್ಕೋ ಡ ಗಾಮಾನ ಯಾನದ ದಿನಚರಿಯಲ್ಲಿಯೇ ಕಲ್ಲಿಕೋಟೆಯ ದೇವಾಲಯವೊಂದರ ಬಳಿಯಿದ್ದ ಕಲ್ಲುಕಟ್ಟಡದ ಪುಷ್ಕರಿಣಿಯ ಉಲ್ಲೇಖವಿದೆ.

ಹೀಗೆ ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಸಮೀಪವಾದ ಎರಡು ಪದಗಳು, ಒಂದು ಭಾರತೀಯ ಮತ್ತು ಇನ್ನೊಂದು ಯುರೋಪೀಯ, ಅರಬ್ಬೀ ಸಮುದ್ರದ ಬಂದರುಗಳಲ್ಲಿ ಎದುರಾದವು. ಇಂಗ್ಲಿಷ್ ಪದಕ್ಕೆ ಇವುಗಳಲ್ಲಿ ಯಾವುದು ಮೂಲವೆಂಬ ಪ್ರಶ್ನೆಯನ್ನು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅವರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್–ಜಾಬ್ಸನ್’ ಪದಕೋಶದಲ್ಲಿ ಚರ್ಚಿಸಿದ್ದಾರೆ. ಇಂದಿನ ನಿಘಂಟುಗಳು ಸಾಮಾನ್ಯವಾಗಿ ಎರಡನ್ನೂ ಒಪ್ಪಿಕೊಳ್ಳುತ್ತವೆ. ಪದವು ಭಾರತೀಯ ಭಾಷೆಯಿಂದ ಬಂದಿತೆಂದೂ, ದ್ರವವನ್ನು ಹಿಡಿದಿಡುವ ಪಾತ್ರೆ ಎಂಬ ಅರ್ಥವು ಪೋರ್ಚುಗೀಸ್ ಪದದ ಪ್ರಭಾವದಿಂದ ಬಲಗೊಂಡಿತೆಂದೂ ಅವು ವಿವರಿಸುತ್ತವೆ.

‘ಕೆರೆ’ ಪದದೊಂದಿಗೆ ಹೋಲಿಕೆ

‘ಕೆರೆ’ ದ್ರಾವಿಡ ಮೂಲದ ಪದ. ಹಳಗನ್ನಡದಲ್ಲಿ ಇದರ ರೂಪ ‘ಕೆಱೆ’. ತೆಲುಗಿನ ‘ಚೆರುವು’, ಮಲಯಾಳದ ‘ಚಿಱ’ ಮತ್ತು ತಮಿಳಿನ ‘ಚಿಱೈ’ ಇದರ ಜ್ಞಾತಿಪದಗಳು. ಇ, ಎ ಸ್ವರಗಳ ಹಿಂದಿನ ಮೂಲ ದ್ರಾವಿಡ ಕಕಾರವು ಕನ್ನಡದಲ್ಲಿ ಹಾಗೆಯೇ ಉಳಿದು, ತಮಿಳು ಮತ್ತು ತೆಲುಗಿನಲ್ಲಿ ಚಕಾರವಾಗುತ್ತದೆ. ಕನ್ನಡದ ‘ಕಿವಿ’ಗೆ ತೆಲುಗಿನಲ್ಲಿ ‘ಚೆವಿ’, ಕನ್ನಡದ ‘ಕೇರಿ’ಗೆ ತಮಿಳಿನಲ್ಲಿ ‘ಚೇರಿ’ ಎಂದಿರುವುದು ಇದೇ ನಿಯಮದಿಂದ.

ತಮಿಳಿನ ‘ಚಿಱೈ’ ಪದಕ್ಕೆ ತಡೆ, ಅಣೆ, ಸೆರೆಮನೆ ಎಂಬ ಅರ್ಥಗಳೂ ಇವೆ. ಕನ್ನಡದ ‘ಸೆರೆ’ಯೂ ಇದೇ ಬಳಗಕ್ಕೆ ಸೇರುತ್ತದೆ. ಆದ್ದರಿಂದ ಕೆರೆ ಎಂದರೆ ಮೂಲತಃ ‘ತಡೆದು ನಿಲ್ಲಿಸಿದ ನೀರು’. ಪೋರ್ಚುಗೀಸಿನ ‘ಎಸ್ತಾಂಕಾರ್’ ಪದದ ಅರ್ಥವೂ ಅದೇ. ಯಾವ ಸಂಬಂಧವೂ ಇಲ್ಲದ ಎರಡು ಭಾಷಾವರ್ಗಗಳು ನೀರಿನ ಒಂದೇ ಕೆಲಸವನ್ನು ನೋಡಿ ಒಂದೇ ಬಗೆಯಲ್ಲಿ ಹೆಸರಿಟ್ಟಿರುವುದಕ್ಕೆ ಇದು ಉದಾಹರಣೆ.

ಫರ್ಡಿನಾಂಡ್ ಕಿಟೆಲ್ ಅವರು 1894ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ‘ಕೆಱೆ’ ಪದಕ್ಕೆ ‘ಟ್ಯಾಂಕ್’ ಎಂಬ ಅರ್ಥ ನೀಡಲಾಗಿದೆ. 19ನೆಯ ಶತಮಾನದಲ್ಲಿ ಭಾರತದಲ್ಲಿದ್ದ ಇಂಗ್ಲಿಷರಿಗೆ ಇದು ಸಹಜವಾದ ಸಮಾನಪದವಾಗಿತ್ತು.

ಸ್ಥಳನಾಮ

‘ತಾವರಗೇರಾ’ ಎಂಬ ಹೆಸರನ್ನು ‘ತಾವರೆ’ ಮತ್ತು ‘ಕೆರೆ’ ಎಂದು ಬಿಡಿಸಬಹುದು. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾಗುವಂತೆ, ಆದೇಶ ಸಂಧಿಯಿಂದ ಕಕಾರವು ಗಕಾರವಾಗಿ ‘ತಾವರೆಗೆರೆ’ಯಾಗುತ್ತದೆ. ಬೆಂಗಳೂರಿನ ‘ತಾವರೆಕೆರೆ’ಯ ಹೆಸರಿನ ಅರ್ಥವೂ ಇದೇ, ಅಲ್ಲಿ ಸಂಧಿಯಾಗಿಲ್ಲ. ತಾವರಗೇರಾ ಪ್ರದೇಶವು 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಉರ್ದು ಆಡಳಿತ ಭಾಷೆಯಾಗಿದ್ದ ಈ ಸೀಮೆಯಲ್ಲಿ ಎಕಾರದಿಂದ ಕೊನೆಗೊಳ್ಳುವ ಹಲವು ಊರುಗಳ ಹೆಸರುಗಳು ಆಕಾರಾಂತವಾಗಿ ಬರೆಯಲ್ಪಟ್ಟಿವೆ. ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಇಂತಹ ಇನ್ನೊಂದು ಹೆಸರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಪ್ರದೇಶವು ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಒಳಗೊಂಡ ಕೊಪ್ಪಳ ಜಿಲ್ಲೆ ರಚನೆಯಾಯಿತು.

ತಾವರಗೇರಾ ಪಟ್ಟಣದಲ್ಲಿ ‘ರಾಯನಕೆರೆ’ ಎಂಬ ಕೆರೆಯಿದೆ. ಇಂಗ್ಲಿಷ್ ದಾಖಲೆಯೊಂದರಲ್ಲಿ ‘ತಾವರಗೇರಾ ಟ್ಯಾಂಕ್’ ಎಂದು ಬರೆದಾಗ, ‘ಕೆರೆ’ ಎಂಬ ಅರ್ಥವು ಕನ್ನಡದಲ್ಲಿ ಒಮ್ಮೆ ಮತ್ತು ಇಂಗ್ಲಿಷಿನಲ್ಲಿ ಒಮ್ಮೆ, ಹೀಗೆ ಎರಡು ಬಾರಿ ಬಂದಂತಾಗುತ್ತದೆ.

ಕೆರೆ ಎಂಬ ಅರ್ಥದಲ್ಲಿ

ಭಾರತ ಮತ್ತು ಶ್ರೀಲಂಕಾಗಳ ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಎಂದರೆ ಇಂದಿಗೂ ಮಾನವನಿರ್ಮಿತ ಜಲಾಶಯ. ಶ್ರೀಲಂಕಾದ ಪೊಲೊನ್ನರುವದ ಪರಾಕ್ರಮ ಸಮುದ್ರವನ್ನು ಇಂಗ್ಲಿಷ್ ಬರಹಗಳು ಟ್ಯಾಂಕ್ ಎಂದೇ ಕರೆಯುತ್ತವೆ. ಆಸ್ಟ್ರೇಲಿಯದ ಒಣಪ್ರದೇಶಗಳಲ್ಲಿ ದನಕುರಿಗಳಿಗಾಗಿ ನೆಲದಲ್ಲಿ ತೋಡಿದ ಹೊಂಡಕ್ಕೂ ಈ ಹೆಸರಿದೆ. ಇಂಗ್ಲೆಂಡಿನಲ್ಲಾದರೋ ಈ ಅರ್ಥ ಸಾಮಾನ್ಯ ಓದುಗರಿಗೆ ಅಪರಿಚಿತ.

ವಿಜಯನಗರ ಮತ್ತು ತುಂಗಭದ್ರಾ ತೀರ

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಾಗ, ಕೃಷ್ಣದೇವರಾಯನು ಎರಡು ಗುಡ್ಡಗಳ ನಡುವೆ ದೊಡ್ಡ ಕೆರೆಯೊಂದನ್ನು ಕಟ್ಟಿಸುತ್ತಿದ್ದುದನ್ನು ಕಂಡು ವಿವರವಾಗಿ ದಾಖಲಿಸಿದನು. ಫೆರ್ನಾವೊ ನೂನಿಜ್‌ನ ವೃತ್ತಾಂತದಲ್ಲಿಯೂ ಈ ಕೆರೆಯ ಪ್ರಸ್ತಾಪವಿದ್ದು, ಪೋರ್ಚುಗೀಸ್ ಕಸಬುದಾರನೊಬ್ಬನು ಈ ಕಾರ್ಯದಲ್ಲಿ ಭಾಗಿಯಾಗಿದ್ದ ಸಂಗತಿ ಅದರಲ್ಲಿ ಬರುತ್ತದೆ. ಈ ಇಬ್ಬರ ವೃತ್ತಾಂತಗಳನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ಅನುವಾದಿಸಿದಾಗ ‘ಟ್ಯಾಂಕ್’ ಎಂಬ ಪದವನ್ನೇ ಬಳಸಿದನು. ಈ ಕೆರೆಯನ್ನು ಹೊಸಪೇಟೆಯ ಸಮೀಪದ ರಾಯರ ಕೆರೆ ಎಂದು ಗುರುತಿಸಲಾಗಿದೆ.

ಕೆರೆ ನಿರ್ಮಾಣದ ದೇಶೀಯ ಶಾಸ್ತ್ರಕ್ಕೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನವು ಪ್ರಸಿದ್ಧ ಸಾಕ್ಷಿ. ವಿಜಯನಗರದ ರಾಜಕುಮಾರ ಭಾಸ್ಕರನು ಹಾಕಿಸಿದ ಈ ಶಾಸನವು ಉತ್ತಮ ಕೆರೆಗೆ ಬೇಕಾದ 12 ಅಂಗಗಳನ್ನೂ ತಪ್ಪಿಸಬೇಕಾದ ದೋಷಗಳನ್ನೂ ಪಟ್ಟಿಮಾಡುತ್ತದೆ.

‘ಟ್ಯಾಂಕ್’ ಪದವನ್ನು ದೇವಾಲಯದ ಪುಷ್ಕರಿಣಿ, ಕಲ್ಯಾಣಿ ಮತ್ತು ಮೆಟ್ಟಿಲು ಕೊಳಗಳಿಗೂ ಬಳಸಲಾಗುತ್ತದೆ. ಹಂಪಿಯ ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ದೊರೆತ, ಕಪ್ಪುಕಲ್ಲಿನ ಮೆಟ್ಟಿಲುಗಳ ಪುಷ್ಕರಿಣಿಯು ಇಂಗ್ಲಿಷ್ ಫಲಕಗಳಲ್ಲಿ ‘ಮೆಟ್ಟಿಲುಗಳ ಟ್ಯಾಂಕ್’ ಎಂಬರ್ಥದ ಹೆಸರು ಪಡೆದಿದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯದ ಪುಷ್ಕರಿಣಿಯನ್ನೂ ಇಂಗ್ಲಿಷ್ ಬರಹಗಳು ಇದೇ ಪದದಿಂದ ಸೂಚಿಸುತ್ತವೆ. ಹೀಗಾಗಿ ಕನ್ನಡದಲ್ಲಿ ಗಾತ್ರ, ಉದ್ದೇಶ ಮತ್ತು ರಚನೆಗೆ ತಕ್ಕಂತೆ ಬೇರೆಬೇರೆಯಾಗಿರುವ ಕೆರೆ, ಕಟ್ಟೆ, ಕುಂಟೆ, ಹೊಂಡ, ಕೊಳ, ಕಲ್ಯಾಣಿ, ಪುಷ್ಕರಿಣಿ, ತೊಟ್ಟಿ ಎಂಬ ಎಲ್ಲವೂ ಇಂಗ್ಲಿಷಿನಲ್ಲಿ ಒಂದೇ ಪದದೊಳಗೆ ಅಡಗುತ್ತವೆ.

ಕೆರೆಯ ಅಂಗಗಳು ಮತ್ತು ಸಮಾನಪದಗಳು

ನೀರಾವರಿ ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಪದದಿಂದ ಆರಂಭವಾಗುವ ಅನೇಕ ಜೋಡುಪದಗಳಿಗೆ ಕನ್ನಡದಲ್ಲಿ ಸ್ವತಂತ್ರ ಹೆಸರುಗಳಿವೆ.

ಏರಿ: ‘ಟ್ಯಾಂಕ್ ಬಂಡ್’ ಎಂಬುದಕ್ಕೆ ಸಮಾನಪದ. ನೀರನ್ನು ತಡೆಯುವ ಮಣ್ಣಿನ ಅಥವಾ ಕಲ್ಲುಮಣ್ಣಿನ ಒಡ್ಡು. ಉತ್ತರ ಕರ್ನಾಟಕದಲ್ಲಿ ‘ಕೆರೆ ಒಡ್ಡು’ ಎಂದೂ ಹೇಳುತ್ತಾರೆ.

ತೂಬು: ಕೆರೆಯ ನೀರನ್ನು ಅಳತೆಯಂತೆ ಕಾಲುವೆಗೆ ಬಿಡುವ ದ್ವಾರ.

ಕೋಡಿ: ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹರಿದುಹೋಗುವ ಕಟ್ಟಡ. ಕೆರೆ ತುಂಬಿ ಹರಿಯುವುದನ್ನು ‘ಕೋಡಿ ಬಿತ್ತು’ ಅಥವಾ ‘ಕೋಡಿ ಹರಿಯಿತು’ ಎನ್ನಲಾಗುತ್ತದೆ.

ಅಚ್ಚುಕಟ್ಟು: ಕೆರೆಯ ನೀರಿನಿಂದ ಬೇಸಾಯವಾಗುವ ಜಮೀನು. ಈ ಪದವು ‘ಅಚ್‌ಕಟ್’ ಎಂಬ ರೂಪದಲ್ಲಿ ಭಾರತೀಯ ಇಂಗ್ಲಿಷಿಗೂ ಸೇರಿದೆ.

ಕೆರೆಯಂಗಳ: ನೀರು ನಿಲ್ಲುವ ತಳಪ್ರದೇಶ, ‘ಟ್ಯಾಂಕ್ ಬೆಡ್’ ಎಂಬುದರ ಅರ್ಥ ಇದೇ.

ಗೋಡುಮಣ್ಣು ಅಥವಾ ಹೂಳು: ಹರಿದುಬಂದ ನೀರಿನೊಂದಿಗೆ ಕೆರೆಯ ತಳದಲ್ಲಿ ಸೇರುವ ನುಣುಪು ಮಣ್ಣು. ರೈತರು ಇದನ್ನು ಬೇಸಿಗೆಯಲ್ಲಿ ಹೊಲಕ್ಕೆ ಗೊಬ್ಬರವಾಗಿ ಹೊಡೆಯುತ್ತಾರೆ.

ನೀರಗಂಟಿ: ತೂಬನ್ನು ತೆರೆದು ಮುಚ್ಚಿ ಹೊಲಗಳಿಗೆ ಸರದಿಯಂತೆ ನೀರು ಹಂಚುವ ಗ್ರಾಮಸೇವಕ.

ಶಾಸನಗಳಲ್ಲಿ ಕಾಣುವ ‘ಬಿತ್ತುವಟ್ಟ’ ಎಂಬುದು ಕೆರೆಯ ನಿರ್ಮಾಣ ಮತ್ತು ದುರಸ್ತಿಗಾಗಿ ಬಿಟ್ಟುಕೊಟ್ಟ ಜಮೀನು ಅಥವಾ ಆದಾಯದ ಪಾಲು. ಕೆರೆಯೊಂದು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ, ಪ್ರತಿವರ್ಷ ನೋಡಿಕೊಳ್ಳಬೇಕಾದ ವ್ಯವಸ್ಥೆ ಎಂಬ ತಿಳಿವಳಿಕೆ ಈ ಪದದಲ್ಲಿದೆ.

ನಗರಗಳ ಹೆಸರುಗಳಲ್ಲಿ

ಹೈದರಾಬಾದಿನ ‘ಟ್ಯಾಂಕ್ ಬಂಡ್’ ಎಂಬುದು 16ನೆಯ ಶತಮಾನದಲ್ಲಿ ಕುತುಬ್‌ಶಾಹಿ ಅರಸರ ಕಾಲದಲ್ಲಿ ನಿರ್ಮಾಣವಾದ ಹುಸೇನ್ ಸಾಗರ ಕೆರೆಯ ಏರಿ. ಹೈದರಾಬಾದ್ ಮತ್ತು ಸಿಕಂದರಾಬಾದ್‌ಗಳನ್ನು ಜೋಡಿಸುವ ಈ ರಸ್ತೆಯ ಹೆಸರು ತೆಲುಗು, ಉರ್ದು ಮಾತಿನಲ್ಲಿಯೂ ಹಾಗೆಯೇ ನಿಂತಿದೆ. ಬೆಂಗಳೂರಿನ ‘ಸ್ಯಾಂಕಿ ಟ್ಯಾಂಕ್’ 1882ರಲ್ಲಿ ನಿರ್ಮಾಣವಾಗಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯ ಹೆಸರನ್ನು ಪಡೆಯಿತು. ಕನ್ನಡದಲ್ಲಿ ‘ಸ್ಯಾಂಕಿ ಕೆರೆ’ ಎಂದು ಪ್ರಚಲಿತವಾಗಿದೆ. ಅದೇ ನಗರದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆಯಿಲ್ಲವಾದ ಮೇಲೂ ಬಸ್ ನಿಲ್ದಾಣದ ಬಳಿಯ ‘ಟ್ಯಾಂಕ್ ಬಂಡ್ ರಸ್ತೆ’ಯ ಹೆಸರು ಉಳಿದುಕೊಂಡಿದೆ.

ಕಾನೂನು ಮತ್ತು ಆಡಳಿತದಲ್ಲಿ

ಕರ್ನಾಟಕದಲ್ಲಿ ಸುಮಾರು 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ಸರ್ಕಾರಿ ದಾಖಲೆಗಳು ಹೇಳುತ್ತವೆ. 40 ಹೆಕ್ಟೇರಿಗಿಂತ ಹೆಚ್ಚಿನ ಮತ್ತು 2,000 ಹೆಕ್ಟೇರಿನವರೆಗಿನ ಅಚ್ಚುಕಟ್ಟು ಹೊಂದಿದ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳ ಹೊಣೆ. 2002ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಆರಂಭವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯನ್ನು ಜಲ ಸಂವರ್ಧನೆ ಯೋಜನಾ ಸಂಘವು ನಡೆಸಿತು. ಅದರ ಇಂಗ್ಲಿಷ್ ಹೆಸರಿನಲ್ಲಿಯೂ ಕೆರೆಗೆ ‘ಟ್ಯಾಂಕ್’ ಎಂಬ ಪದವೇ ಇದೆ.

2014ರಲ್ಲಿ ರಾಜ್ಯವು ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯನ್ನು ರೂಪಿಸಿದಾಗ ಇಂಗ್ಲಿಷ್ ಶೀರ್ಷಿಕೆಯಲ್ಲಿ ಕೆರೆಗೆ ‘ಲೇಕ್’ ಎಂಬ ಪದವಿತ್ತು. 2018ರ ತಿದ್ದುಪಡಿಯಲ್ಲಿ ಅದನ್ನು ‘ಟ್ಯಾಂಕ್’ ಎಂದು ಬದಲಾಯಿಸಲಾಯಿತು. ಇಂಗ್ಲಿಷಿನಲ್ಲಿ ‘ಲೇಕ್’ ಎಂಬುದು ಸಾಮಾನ್ಯವಾಗಿ ನಿಸರ್ಗಸಹಜ ಸರೋವರವನ್ನು ನೆನಪಿಸಿದರೆ ‘ಟ್ಯಾಂಕ್’ ಎಂಬುದು ಜನರು ಕಟ್ಟಿದ ಜಲಾಶಯವನ್ನು ಸೂಚಿಸುತ್ತದೆ. ಕನ್ನಡದಲ್ಲಿ ಎರಡಕ್ಕೂ ‘ಕೆರೆ’ ಎಂಬ ಒಂದೇ ಪದವಿರುವುದರಿಂದ ಈ ವ್ಯತ್ಯಾಸ ಕನ್ನಡ ಓದುಗರ ಗಮನಕ್ಕೆ ಬರುವುದಿಲ್ಲ.

ಈ ಕಾಯ್ದೆಯ ವ್ಯಾಖ್ಯಾನವು ಪದದ ಅರ್ಥದ ದೃಷ್ಟಿಯಿಂದ ಮಹತ್ವದ್ದು. ಕಂದಾಯ ದಾಖಲೆಗಳಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಅಥವಾ ಬೇರಾವುದೇ ಹೆಸರಿನಿಂದ ನಮೂದಾಗಿರುವ ಜಲಮೂಲವು, ಅದರಲ್ಲಿ ನೀರು ಇರಲಿ ಇಲ್ಲದಿರಲಿ, ಕೆರೆಯೇ ಎಂದು ಅದು ಹೇಳುತ್ತದೆ. ಜಲಾನಯನದ ಅಂಚು, ರಾಜಕಾಲುವೆ, ಏರಿ, ತೂಬು, ಕೋಡಿಗಳೂ ಕೆರೆಯ ಭಾಗಗಳೆಂದು ಪರಿಗಣಿತವಾಗಿವೆ. ತೊಟ್ಟಿ ಎಂಬ ಅರ್ಥದ ಟ್ಯಾಂಕ್ ಅದರ ಗೋಡೆಗಳೊಳಗೆ ಮುಗಿಯುತ್ತದೆ. ಕೆರೆ ಎಂಬ ಅರ್ಥದ ಟ್ಯಾಂಕ್ ಅದಕ್ಕೆ ನೀರು ತರುವ ಹಳ್ಳದಿಂದ ಹಿಡಿದು ಅದರ ನೀರನ್ನು ಕುಡಿಯುವ ಗದ್ದೆಯವರೆಗೆ ಹರಡಿರುತ್ತದೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಒಣಗಿದ ಕೆರೆಯಂಗಳವನ್ನು ಖಾಲಿ ಜಾಗವೆಂದು ಭಾವಿಸಿ ಒತ್ತುವರಿ ಮಾಡುವುದಕ್ಕೂ, ರಾಜಕಾಲುವೆಯನ್ನು ಮುಚ್ಚುವುದಕ್ಕೂ ಕಾನೂನಿನ ಅಡ್ಡಿ ಇರುವುದು ಈ ವಿಶಾಲ ಅರ್ಥದಿಂದಲೇ.

ಕೊಪ್ಪಳ ಜಿಲ್ಲೆಯಲ್ಲಿ ಕೆರೆ ಮತ್ತು ಟ್ಯಾಂಕ್

ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು 1950ರ ದಶಕದಿಂದ ಗಂಗಾವತಿ ಭಾಗವನ್ನು ಭತ್ತದ ನಾಡನ್ನಾಗಿ ಮಾಡಿತು. ಎತ್ತರದಲ್ಲಿರುವ ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳಿಗೆ ಆ ನೀರು ತಲುಪಲಿಲ್ಲ. ಇಲ್ಲಿನ ಬೇಸಾಯವು ಮಳೆ, ಕೆರೆ ಮತ್ತು ಬಾವಿಗಳನ್ನು, ಅನಂತರ ಕೊಳವೆಬಾವಿಗಳನ್ನು ನೆಚ್ಚಿಕೊಂಡಿತು. ಕೊಳವೆಬಾವಿಯ ನೀರನ್ನು ಮೇಲೆತ್ತಿ ಸಂಗ್ರಹಿಸಲು ಪ್ರತಿ ಊರಿಗೂ ಸಿಮೆಂಟಿನ ಮೇಲ್ತೊಟ್ಟಿ ಬಂದಿತು. ಜನರ ಮಾತಿನಲ್ಲಿ ‘ಟ್ಯಾಂಕ್’ ಪದವು ತೊಟ್ಟಿಯ ಅರ್ಥದಲ್ಲಿ ನೆಲೆಗೊಂಡಿದ್ದು ಈ ಬದಲಾವಣೆಯೊಂದಿಗೆ.

ಈ ಎರಡು ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ದೀರ್ಘಕಾಲದ ಸಮಸ್ಯೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಾಗ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಇದಕ್ಕಿಂತ ಹೆಚ್ಚಿನ ಪ್ರಮಾಣದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತವೆ, ಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ. ಗ್ರಾನೈಟ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ಆಳದ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಮಳೆಯಿಂದ ತುಂಬುವ ಕೆರೆಯ ನೀರಿನಲ್ಲಿ ಅದು ಸಾಮಾನ್ಯವಾಗಿ ಕಡಿಮೆ; ಕೆರೆಯಿಂದ ಇಂಗುವ ನೀರು ಅಂತರ್ಜಲವನ್ನು ತಿಳಿಗೊಳಿಸಲೂ ನೆರವಾಗುತ್ತದೆ. ಆದ್ದರಿಂದ ಇಲ್ಲಿ ಕೆರೆಯನ್ನು ಬಿಟ್ಟು ಟ್ಯಾಂಕನ್ನು ನೆಚ್ಚಿದುದರ ಪರಿಣಾಮವು ಭಾಷೆಯ ಬದಲಾವಣೆಗಿಂತ ದೊಡ್ಡದು. ಇದಕ್ಕೆ ಪರಿಹಾರವಾಗಿ ಶುದ್ಧ ಕುಡಿಯುವ ನೀರಿನ ಘಟಕಗಳು, ಕೃಷ್ಣಾ ನದಿಯಿಂದ ಬಹುಗ್ರಾಮ ಕುಡಿಯುವ ನೀರಿನ ಯೋಜನೆ ಮತ್ತು ಕೆರೆ ತುಂಬಿಸುವ ಯೋಜನೆಗಳನ್ನು ಕೈಗೊಳ್ಳಲಾಗಿದೆ.

2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ನೇತೃತ್ವದಲ್ಲಿ ಹಿರೇಹಳ್ಳವನ್ನು ಸ್ವಚ್ಛಗೊಳಿಸುವ ಕಾರ್ಯ ನಡೆಯಿತು. ಕುಷ್ಟಗಿ ಸಮೀಪದ ನಿಡಶೇಸಿ ಕೆರೆ ಮತ್ತು ಗಿಣಿಗೇರಾ ಕೆರೆಗಳಲ್ಲಿಯೂ ಸಾರ್ವಜನಿಕರ ಸಹಭಾಗಿತ್ವದಲ್ಲಿ ಹೂಳೆತ್ತುವ ಕೆಲಸ ನಡೆದಿದೆ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಅಮೃತ ಸರೋವರ ಯೋಜನೆಯು ಪ್ರತಿ ಜಿಲ್ಲೆಯಲ್ಲಿ 75 ಜಲಮೂಲಗಳ ನಿರ್ಮಾಣ ಅಥವಾ ಪುನಶ್ಚೇತನದ ಗುರಿ ಹೊಂದಿತ್ತು.

ತೊಟ್ಟಿ ಎಂಬ ಅರ್ಥದಲ್ಲಿ

‘ಟಾಕಿ’ ಮತ್ತು ‘ಟ್ಯಾಂಕ್’

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ನೀರಿನ ತೊಟ್ಟಿಗೆ ‘ಟಾಕಿ’ ಎಂಬ ಹೆಸರೂ ಇದೆ. ಇದು ಮರಾಠಿ ಮತ್ತು ದಖನಿ ಮಾತಿನ ಮೂಲಕ ನೇರವಾಗಿ ಬಂದ ರೂಪ. ‘ಟ್ಯಾಂಕ್’ ಇಂಗ್ಲಿಷಿನ ಮೂಲಕ ಸುತ್ತಿ ಬಂದದ್ದು. ಹೀಗೆ ಒಂದೇ ಭಾರತೀಯ ಪದವು ನೆಲದ ದಾರಿಯಿಂದ ಒಮ್ಮೆ, ಕಡಲ ದಾರಿಯಿಂದ ಇನ್ನೊಮ್ಮೆ ಕನ್ನಡಕ್ಕೆ ಬಂದು, ಎರಡೂ ರೂಪಗಳು ಒಂದೇ ವಸ್ತುವಿಗೆ ಹೆಸರಾಗಿವೆ. ಅರಬ್ಬೀ ಮೂಲದ ‘ಹೌಜ್’ ಪದದಿಂದ ಬಂದ ‘ಹೌದ’ ಎಂಬುದೂ ಈ ಭಾಗದಲ್ಲಿ ಕಟ್ಟಿದ ತೊಟ್ಟಿಗೆ ಬಳಕೆಯಲ್ಲಿದೆ.

ಗುಜರಾತಿನ ಕಲೋಲ್‌ನಲ್ಲಿ 1975ರಲ್ಲಿ ತಯಾರಿಕೆ ಆರಂಭಿಸಿದ ಸಿಂಟೆಕ್ಸ್ ಕಂಪನಿಯ ಕಪ್ಪು ಪ್ಲಾಸ್ಟಿಕ್ ತೊಟ್ಟಿಗಳು ದೇಶದಾದ್ಯಂತ ಹರಡಿದ ಮೇಲೆ, ಯಾವುದೇ ಕಂಪನಿಯ ಪ್ಲಾಸ್ಟಿಕ್ ತೊಟ್ಟಿಯನ್ನು ‘ಸಿಂಟೆಕ್ಸ್’ ಎಂದು ಕರೆಯುವ ರೂಢಿ ಬೆಳೆಯಿತು. ‘ಟಾಂಕಾ’ದ ನಾಡಿನಿಂದಲೇ ಆಧುನಿಕ ಟ್ಯಾಂಕ್ ಕೂಡ ಬಂದಿತೆನ್ನಬಹುದು. ನೆಲದಡಿಯ ತೊಟ್ಟಿಗೆ ಕನ್ನಡದಲ್ಲಿ ‘ಸಂಪು’ ಎಂಬ ಇನ್ನೊಂದು ಇಂಗ್ಲಿಷ್ ಪದ ನೆಲೆಸಿದೆ. ಬೀದಿಯಲ್ಲಿ ನಲ್ಲಿಗಳನ್ನು ಜೋಡಿಸಿದ ಸಣ್ಣ ತೊಟ್ಟಿಯನ್ನು ‘ಮಿನಿ ಟ್ಯಾಂಕ್’ ಎನ್ನುತ್ತಾರೆ.

ಇತರ ಬಳಕೆಗಳು

ವಾಹನಗಳ ಇಂಧನ ಪಾತ್ರೆಗೆ ಪೆಟ್ರೋಲ್ ಟ್ಯಾಂಕ್, ಡೀಸೆಲ್ ಟ್ಯಾಂಕ್ ಎಂಬ ಹೆಸರುಗಳಿವೆ. ದ್ರವವನ್ನು ಸಾಗಿಸುವ ಹಡಗು, ಲಾರಿ ಮತ್ತು ಟ್ರ್ಯಾಕ್ಟರ್ ಗಾಡಿ ‘ಟ್ಯಾಂಕರ್’ ಎನಿಸುತ್ತವೆ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬಯಲುಸೀಮೆಯ ಬರಗಾಲದ ಗುರುತಾಗಿದೆ. ತನ್ನ ಮೈಮೇಲೆಯೇ ನೀರಿನ ತೊಟ್ಟಿಯನ್ನು ಹೊತ್ತ ಉಗಿಬಂಡಿಗೆ ‘ಟ್ಯಾಂಕ್ ಎಂಜಿನ್’ ಎಂದು ಹೆಸರು. ಡಾರ್ಜಿಲಿಂಗ್ ರೈಲಿನ ಪುಟ್ಟ ಉಗಿಬಂಡಿಗಳು ಈ ಬಗೆಯವು.

‘ಸೆಪ್ಟಿಕ್ ಟ್ಯಾಂಕ್’ ಎಂಬುದು ಶೌಚಾಲಯದ ತ್ಯಾಜ್ಯವನ್ನು ಗಾಳಿಯಿಲ್ಲದ ಸ್ಥಿತಿಯಲ್ಲಿ ಕೊಳೆಯಿಸುವ ಗುಂಡಿ. ಫ್ರಾನ್ಸಿನ ಜಾನ್ ಲೂಯಿ ಮೂರಾ 1881ರಲ್ಲಿ ಇಂತಹ ತೊಟ್ಟಿಗೆ ಹಕ್ಕುಸ್ವಾಮ್ಯ ಪಡೆದನು. ಈ ಹೆಸರನ್ನು 1895ರ ಸುಮಾರಿಗೆ ಇಂಗ್ಲೆಂಡಿನ ಎಕ್ಸೆಟರ್ ನಗರದ ಡೊನಾಲ್ಡ್ ಕ್ಯಾಮರಾನ್ ಬಳಕೆಗೆ ತಂದನು. ಇದರೊಳಗೆ ಸೇರುವ ವಿಷಾನಿಲಗಳಿಂದ ಅನೇಕ ಕಾರ್ಮಿಕರು ಪ್ರಾಣ ಕಳೆದುಕೊಂಡಿದ್ದಾರೆ. ರಕ್ಷಣಾ ಸಲಕರಣೆಗಳಿಲ್ಲದೆ ಮನುಷ್ಯರನ್ನು ಇಳಿಸಿ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಸ್ವಚ್ಛಗೊಳಿಸುವುದನ್ನು 2013ರ ಕಾಯ್ದೆಯು ಅಪರಾಧವೆಂದು ನಿಷೇಧಿಸಿದೆ.

ಯುದ್ಧವಾಹನ ಎಂಬ ಅರ್ಥದಲ್ಲಿ

ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳನ್ನೂ ಮುಳ್ಳುತಂತಿಯನ್ನೂ ದಾಟಬಲ್ಲ ವಾಹನವೊಂದನ್ನು ಬ್ರಿಟನ್ 1915ರಲ್ಲಿ ಗುಪ್ತವಾಗಿ ರೂಪಿಸತೊಡಗಿತು. ಅದಕ್ಕೆ ಮೊದಲು ಇದ್ದ ಹೆಸರಿನ ಅರ್ಥ ‘ನೆಲದ ಹಡಗು’. ಆ ಹೆಸರು ಗುಟ್ಟನ್ನು ಬಿಟ್ಟುಕೊಡುವಂತಿದ್ದುದರಿಂದ, 1915ರ ಡಿಸೆಂಬರ್‌ನಲ್ಲಿ ‘ಟ್ಯಾಂಕ್’ ಎಂಬ ಗುಪ್ತನಾಮವನ್ನು ಆರಿಸಲಾಯಿತು. ಉಕ್ಕಿನ ದೊಡ್ಡ ಪೆಟ್ಟಿಗೆಯಂತಿದ್ದ ಈ ವಸ್ತುವು ಮರುಭೂಮಿಯ ಸೈನ್ಯಕ್ಕೆ ನೀರು ಸಾಗಿಸುವ ತೊಟ್ಟಿ ಎಂಬ ಭಾವನೆಯನ್ನು ಹುಟ್ಟಿಸುವುದು ಇದರ ಉದ್ದೇಶ. ಲಿಂಕನ್ ನಗರದ ವಿಲಿಯಂ ಫಾಸ್ಟರ್ ಕಂಪನಿ ಇವುಗಳನ್ನು ತಯಾರಿಸಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಟ್ಯಾಂಕುಗಳು ಮೊದಲ ಬಾರಿಗೆ ಯುದ್ಧಕ್ಕಿಳಿದವು. ಗುಟ್ಟು ಬಯಲಾದ ಮೇಲೂ ಹೆಸರು ಬದಲಾಗಲಿಲ್ಲ. ಜರ್ಮನರು ಕವಚ ಎಂಬ ಅರ್ಥದ ‘ಪಾಂಜರ್’ ಪದವನ್ನೂ, ಫ್ರೆಂಚರು ರಥ ಎಂಬ ಅರ್ಥದ ‘ಶಾರ್’ ಪದವನ್ನೂ ಬಳಸಿದರು. ರಷ್ಯನ್ ಸೇರಿದಂತೆ ಹಲವು ಭಾಷೆಗಳು ‘ಟ್ಯಾಂಕ್’ ಎಂಬುದನ್ನೇ ಸ್ವೀಕರಿಸಿದವು.

ಭಾರತದಲ್ಲಿ ಈ ಅರ್ಥವು 1965ರ ಭಾರತ–ಪಾಕಿಸ್ತಾನ ಯುದ್ಧದ ಕಾಲದಲ್ಲಿ ಜನಜನಿತವಾಯಿತು. ಅಸಲ್ ಉತ್ತರ್ ಕದನದಲ್ಲಿ ಪ್ಯಾಟನ್ ಟ್ಯಾಂಕುಗಳನ್ನು ನಾಶಪಡಿಸಿ ಮಡಿದ ಹವಿಲ್ದಾರ್ ಅಬ್ದುಲ್ ಹಮೀದ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ದೇಶೀಯವಾಗಿ ರೂಪಿಸಿದ ‘ಅರ್ಜುನ್’ ಟ್ಯಾಂಕ್ ಮತ್ತು ಟ್ಯಾಂಕ್ ನಿರೋಧಕ ‘ನಾಗ್’ ಕ್ಷಿಪಣಿಗಳು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಕೊಡುಗೆಗಳು.

ನುಡಿಗಟ್ಟುಗಳು ಮತ್ತು ಲಾಕ್ಷಣಿಕ ಬಳಕೆ

‘ಥಿಂಕ್ ಟ್ಯಾಂಕ್’ ಎಂಬುದು ನೀತಿ ನಿರೂಪಣೆಗೆ ನೆರವಾಗುವ ಸಂಶೋಧನಾ ಸಂಸ್ಥೆ ಅಥವಾ ತಜ್ಞರ ಕೂಟ. ಕನ್ನಡದಲ್ಲಿ ಇದಕ್ಕೆ ‘ಚಿಂತಕರ ಚಾವಡಿ’ ಎಂಬ ಪದ ರೂಢಿಯಲ್ಲಿದೆ. ಊರಿನ ಹಿರಿಯರು ಕೂಡಿ ಮಾತನಾಡುವ ಚಾವಡಿಯ ಕಲ್ಪನೆಯನ್ನು ಬಳಸಿರುವುದರಿಂದ ಇದು ಮೂಲಪದದ ನೆರಳಿಲ್ಲದ ಅನುವಾದವಾಗಿದೆ. 2015ರಲ್ಲಿ ರಚನೆಯಾದ ನೀತಿ ಆಯೋಗ ಮತ್ತು ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆ ಇದಕ್ಕೆ ಉದಾಹರಣೆಗಳು.

ಇಂಗ್ಲಿಷಿನಲ್ಲಿ ಈಜುಕೊಳಕ್ಕೂ ಟ್ಯಾಂಕ್ ಎಂಬ ಹೆಸರಿದ್ದುದರಿಂದ ಈಜುಡುಗೆಯನ್ನು ಹೋಲುವ ತೋಳಿಲ್ಲದ ಮೇಲುಡುಪು ‘ಟ್ಯಾಂಕ್ ಟಾಪ್’ ಆಯಿತು. ಕ್ರಿಯಾಪದವಾಗಿ ಈ ಪದಕ್ಕೆ ಸಂಪೂರ್ಣವಾಗಿ ಸೋಲು, ಬೆಲೆ ಕುಸಿ ಎಂಬ ಅರ್ಥಗಳಿವೆ. ಅಮೆರಿಕದ ಆಡುಮಾತಿನಲ್ಲಿ ಪೊಲೀಸ್ ಠಾಣೆಯ ಸೆರೆಕೋಣೆಗೂ ಟ್ಯಾಂಕ್ ಎನ್ನುವುದುಂಟು.

ಭಾಷಾಂತರದ ಸಮಸ್ಯೆ

‘ಟ್ಯಾಂಕ್’ ಪದವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಸಂದರ್ಭವನ್ನು ಗಮನಿಸುವುದು ಅಗತ್ಯ. ನೀರಾವರಿ, ಇತಿಹಾಸ ಮತ್ತು ಶಾಸನಶಾಸ್ತ್ರದ ಬರಹಗಳಲ್ಲಿ ಇದು ಬಹುಮಟ್ಟಿಗೆ ‘ಕೆರೆ’. ದೇವಾಲಯದ ಸಂದರ್ಭದಲ್ಲಿ ‘ಪುಷ್ಕರಿಣಿ’ ಅಥವಾ ‘ಕಲ್ಯಾಣಿ’. ಕಟ್ಟಡ ಮತ್ತು ಯಂತ್ರಗಳ ಸಂದರ್ಭದಲ್ಲಿ ‘ತೊಟ್ಟಿ’ ಅಥವಾ ‘ಟ್ಯಾಂಕ್’. ‘ಟ್ಯಾಂಕ್ ನೀರಾವರಿ’, ‘ಟ್ಯಾಂಕ್ ಹೂಳು’ ಎಂಬಂತಹ ಯಾಂತ್ರಿಕ ಅನುವಾದಗಳು ಪಠ್ಯಗಳಲ್ಲಿ ಕಂಡುಬರುತ್ತವೆ. ಇವು ‘ಕೆರೆ ನೀರಾವರಿ’, ‘ಕೆರೆಯ ಹೂಳು’ ಎಂದಾಗಬೇಕು. ಇಂಗ್ಲಿಷ್ ದಾಖಲೆಯಲ್ಲಿ ‘ಟ್ಯಾಂಕ್ ಜಮೀನು’ ಎಂದಿರುವುದನ್ನು ತೊಟ್ಟಿ ಕಟ್ಟಿದ ಜಾಗವೆಂದು ಓದಿದರೆ, ಇಡೀ ಕೆರೆಯಂಗಳವೇ ಅರ್ಥದಿಂದ ಬಿಟ್ಟುಹೋಗುತ್ತದೆ.

ಇದನ್ನೂ ನೋಡಿ

ಕೆರೆ
ಪುಷ್ಕರಿಣಿ
ತಾವರಗೇರಾ
ಕೊಪ್ಪಳ ಜಿಲ್ಲೆ
ತುಂಗಭದ್ರಾ ಅಣೆಕಟ್ಟು
ಕನ್ನಡದಲ್ಲಿ ಅನ್ಯದೇಶ್ಯ ಪದಗಳು